ಚಕ್ರವರ್ತಿಯ ಊರಿನಲ್ಲಿ ಚಿಲ್ಲರೆ ಲೆಕ್ಕ

ಚೀನಾದ ಷಿಯಾನ್ ನಗರವನ್ನು ಆಳಿದವರಲ್ಲಿ ಹೆಚ್ಚಿನವರಿಗೆ ಖರ್ಚಿನ ಲೆಕ್ಕ ಬರೆದಿಡುವ ಕೆಟ್ಟ ಅಭ್ಯಾಸ ಇರಲಿಲ್ಲ. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಷಿ ಹುವಾಂಗ್ ತನ್ನ ಗೋರಿಯ ಕೆಲಸಕ್ಕೆ ಏಳು ಲಕ್ಷ ಜನರನ್ನು ದುಡಿಸಿದ ಎಂದು ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಸುಯಿ ಅರಸರು ಗೆರೆ ಎಳೆದು, ತಾಂಗ್ ಅರಸರು ವೈಭವ ತುಂಬಿದ ಚಾಂಗ್‌ಆನ್ ಎಂಬ ರಾಜಧಾನಿ ಇದೇ ಜಾಗದಲ್ಲಿ ಎಂಬತ್ತು ಚದರ ಕಿಲೋಮೀಟರಿಗೂ ಹೆಚ್ಚು ಹರಡಿಕೊಂಡಿತ್ತು. ಆಮೇಲೆ ಬಂದ ಮಿಂಗ್ ಅರಸರು ಊರಿನ ನಡುಭಾಗಕ್ಕೆ 13.7 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಎಬ್ಬಿಸಿದರು. ಅದರ ನೆತ್ತಿಯ ಮೇಲೆ ಎರಡು ಲಾರಿ ಎದುರುಬದುರಾಗಿ ಆರಾಮವಾಗಿ ಹೋಗಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಇವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿದ್ದರೆ ಹೇಳಿದವನನ್ನೂ ಗೋರಿಯ ಕೆಲಸಕ್ಕೆ ಕಳಿಸುತ್ತಿದ್ದರು.

ಅಂಥ ಊರಿಗೆ ಈಗ ನಮ್ಮ ಮಧ್ಯಮವರ್ಗ ಹೊರಟಿದೆ: ಒಂದು ವಾರ, ಕಡಿಮೆ ಖರ್ಚಿನಲ್ಲಿ. 2020ರಿಂದ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಮತ್ತೆ ಹಾರತೊಡಗಿದ ಮೇಲೆ ಥಾಯ್ಲೆಂಡ್ ಮುಗಿಸಿದವರ, ವಿಯೆಟ್ನಾಂ ಮುಗಿಸಿದವರ ಕಣ್ಣು ಚೀನಾದ ಮೇಲೆ ಬಿದ್ದಿದೆ. ಬೆಂಗಳೂರಿನವರು ಕೌಲಾಲಂಪುರದಲ್ಲೋ ಸಿಂಗಾಪುರದಲ್ಲೋ ಇಳಿದು ಹತ್ತಿದರೆ ಅಗ್ಗವಂತೆ. ಆ ಅಗ್ಗದಲ್ಲಿ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಬೂಟು ತಲೆದಿಂಬು ಮಾಡಿಕೊಂಡು ಕಳೆಯುವ ರಾತ್ರಿಯೂ ಸೇರಿದೆ. ಅದಕ್ಕೆ ಬಾಡಿಗೆ ಇಲ್ಲವಾದ್ದರಿಂದ ಅದನ್ನು ‘ಒಂದು ರಾತ್ರಿಯ ಹೋಟೆಲ್ ಉಳಿತಾಯ’ ಎಂದು ಜಮಾ ಕಡೆಗೆ ಬರೆದುಕೊಳ್ಳುತ್ತಾರೆ.

ಹೀಗೆ ಬರೆದುಕೊಳ್ಳುವವರು ಸಾಮಾನ್ಯವಾಗಿ ಮನೆಯ ಯಜಮಾನರು. ಅವರನ್ನು ಇಲ್ಲಿ ಮಂತ್ರಿಗಳು ಎಂದು ಕರೆಯೋಣ. ಬಜೆಟ್ ಮಂಡಿಸುತ್ತಾರೆ, ಮಂಡಿಸುವಾಗ ನಡುನಡುವೆ ನೀರು ಕುಡಿಯುತ್ತಾರೆ, ಪ್ರಶ್ನೆ ಕೇಳಿದವರಿಗೆ ‘ಅದು ಮುಂದಿನ ಪುಟದಲ್ಲಿದೆ’ ಎನ್ನುತ್ತಾರೆ. ವಿರೋಧ ಪಕ್ಷದಲ್ಲಿ ಅವರ ಶ್ರೀಮತಿ ಒಬ್ಬರೇ. ಮಕ್ಕಳು ಎರಡೂ ಕಡೆ ಕೈ ಎತ್ತುವ ಪಕ್ಷೇತರರು. ಆದ್ದರಿಂದ ಈ ಸಲ ಅವರನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಹೋಗುವುದೆಂದು ಬಹುಮತದಿಂದ ತೀರ್ಮಾನವಾಗಿದೆ.

ಯುವಾನ್ ಒಂದಕ್ಕೆ ಸುಮಾರು ಹನ್ನೆರಡು ರೂಪಾಯಿ. ಹಾಗಾಗಿ ಮಂತ್ರಿಗಳು ಷಿಯಾನ್‌ನಲ್ಲಿ ಏನನ್ನು ನೋಡಿದರೂ ಮೊದಲು ತುಟಿಯಲ್ಲಿ ಹನ್ನೆರಡರ ಮಗ್ಗಿ ಗುನುಗುತ್ತಾರೆ. ದೂರದಿಂದ ನೋಡುವ ಚೀನಿಯರಿಗೆ ಈ ಭಾರತೀಯರು ಪ್ರತಿ ಸ್ಮಾರಕದ ಎದುರೂ ಯಾವುದೋ ಮಂತ್ರ ಪಠಿಸುತ್ತಾರೆ, ಬಹಳ ಭಕ್ತಿವಂತ ಜನ ಎನಿಸಬಹುದು.

ಯಾವ ತಿಂಗಳಲ್ಲಿ ಹೋಗಬೇಕು ಎನ್ನುವುದು ಮೊದಲ ಕಲಾಪ. ಅಕ್ಟೋಬರ್ ಮೊದಲ ವಾರ ಬೇಡ, ಚೀನಾಕ್ಕೆ ಚೀನಾವೇ ರಜೆ ಹಾಕಿ ಬೀದಿಗಿಳಿದಿರುತ್ತದೆ. ಮೇ ತಿಂಗಳ ಮೊದಲ ದಿನಗಳೂ ಹಾಗೆಯೇ. ವಸಂತದಲ್ಲಿ ಹವೆ ಚೆನ್ನ, ದರ ಚೆನ್ನಾಗಿಲ್ಲ. ಉಳಿದದ್ದು ಚಳಿಗಾಲ. ಹೋಟೆಲ್ ಅಗ್ಗ, ವಿಮಾನ ಅಗ್ಗ, ಜನ ಕಡಿಮೆ. ಹೊಗೆ ಮುಸುಕಿದ ಆಕಾಶ, ಸೊನ್ನೆಗಿಂತ ಕೆಳಗಿಳಿಯುವ ರಾತ್ರಿ ಇವೆಲ್ಲ ಉಚಿತ. ಅಲ್ಲಿ ಉಳಿಸಿದ್ದನ್ನು ಬೆಂಗಳೂರಿನಲ್ಲಿ ಎರಡು ಉಣ್ಣೆ ಕೋಟು ಕೊಳ್ಳಲು ಕೊಟ್ಟು ಮಂತ್ರಿಗಳು ಹೊರಡುತ್ತಾರೆ. ಕೋಟು ಪ್ರವಾಸದ ಲೆಕ್ಕದಲ್ಲಿ ಬರುವುದಿಲ್ಲ. ಅದು ‘ಬಂಡವಾಳ ವೆಚ್ಚ’.

ಹಣ ಪಾವತಿಯ ವಿಷಯದಲ್ಲಂತೂ ಮಂತ್ರಿಗಳ ಪ್ರತಿಭೆಗೆ ತಕ್ಕ ಅಂಕಣವೇ ಸಿಕ್ಕಿದೆ. ಷಿಯಾನ್‌ನಲ್ಲಿ ಹುರಿದ ಕಡಲೆ ಮಾರುವವನ ಗಾಡಿಯಲ್ಲೂ ಕ್ಯೂಆರ್ ಚೀಟಿ ತೂಗುತ್ತದೆ. ನೋಟು ಕೊಟ್ಟರೆ ಬೇಡ ಎನ್ನುವಂತಿಲ್ಲ, ಆದರೆ ಚಿಲ್ಲರೆ ಇಲ್ಲ ಎಂದು ಕೈ ಅಲ್ಲಾಡಿಸುತ್ತಾರೆ. ಆದ್ದರಿಂದ ಅಲಿಪೇ ಆ್ಯಪಿಗೆ ನಮ್ಮ ಕಾರ್ಡನ್ನು ಜೋಡಿಸಿಕೊಂಡು ಹೋಗಬೇಕು. ವಿದೇಶಿ ಕಾರ್ಡಿನಿಂದ ಒಂದು ಸಲಕ್ಕೆ 200 ಯುವಾನ್ ಒಳಗೆ ಕೊಟ್ಟರೆ ಆ್ಯಪಿನ ಶುಲ್ಕ ಇಲ್ಲ, ಮೀರಿದರೆ ಶೇ. 3. ಈ ಒಂದು ವಾಕ್ಯ ಓದಿದ ದಿನವೇ ಮಂತ್ರಿಗಳಿಗೆ ಪ್ರವಾಸದ ಅರ್ಧ ಸುಖ ಸಿಕ್ಕಿಬಿಟ್ಟಿದೆ. ಹೋಟೆಲಿನ ಬಿಲ್ಲನ್ನು ತುಂಡು ತುಂಡು ಮಾಡಿ ಕಟ್ಟುತ್ತಾರೆ. ಸ್ವಾಗತದ ಮೇಜಿನ ಹಿಂದಿರುವ ಹುಡುಗಿ ಪ್ರತಿ ತುಂಡಿಗೂ ಮುಗುಳ್ನಗುತ್ತಾಳೆ. ಅವಳ ಕೆಲಸದ ಸಮಯಕ್ಕೆ ಬೆಲೆ ಕಟ್ಟುವ ಕಾಲಂ ಹಾಳೆಯಲ್ಲಿ ಇಲ್ಲ.

ಇನ್ನು ಉಚಿತ ದರ್ಶನಗಳಿಗೆ ಬರೋಣ. ಷಾನ್‌ಷಿ ಪ್ರಾಂತ್ಯದ ಇತಿಹಾಸ ವಸ್ತುಸಂಗ್ರಹಾಲಯ 1991ರಲ್ಲಿ ತೆರೆದದ್ದು. ಮುಖ್ಯ ಪ್ರದರ್ಶನಕ್ಕೆ ಪ್ರವೇಶ ಶುಲ್ಕ ಇಲ್ಲ. 1970ರಲ್ಲಿ ಹೆಜಿಯಾ ಎಂಬ ಹಳ್ಳಿಯಲ್ಲಿ ಅಗೆದಾಗ ಸಿಕ್ಕ ತಾಂಗ್ ಕಾಲದ ನಿಧಿ ಇಲ್ಲಿದೆ: ಕೊಂಬಿನ ಆಕಾರದ ಅಗೇಟ್ ಬಟ್ಟಲು, ಕುಣಿಯುವ ಕುದುರೆಯ ಬೆಳ್ಳಿ ಹೂಜಿ, ಪರ್ಷಿಯಾ, ಬೈಜಾಂಟಿಯಂ, ಜಪಾನ್ ನಾಣ್ಯಗಳು. ಯಾರೋ ಸಿರಿವಂತ, ಯಾವುದೋ ಗಲಭೆಯಲ್ಲಿ, ಮಡಕೆಗಳಲ್ಲಿ ತುಂಬಿ ಹೂತಿಟ್ಟು ಹೋದವನು ಮತ್ತೆ ಬರಲೇ ಇಲ್ಲ. ಕೂಡಿಟ್ಟವನ ಕಥೆ ಮಂತ್ರಿಗಳಿಗೆ ಹಿಡಿಸಬೇಕಾದದ್ದೇ. ಆದರೆ ಒಳಗೆ ಹೋಗುವುದು ಹೇಗೆ? ಉಚಿತ ಟಿಕೆಟ್ಟುಗಳನ್ನು ಕೆಲವು ದಿನ ಮುಂಚೆ, ನಿಗದಿತ ಹೊತ್ತಿಗೆ, ಫೋನಿನಲ್ಲಿ ಬಿಡುತ್ತಾರೆ. ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು, ಚೀನೀ ಅಕ್ಷರಗಳ ಕಾಡಿನಲ್ಲಿ ಸರಿಯಾದ ಗುಂಡಿ ಒತ್ತಬೇಕು. ಒತ್ತುವಷ್ಟರಲ್ಲಿ ಖಾಲಿ. ನಮ್ಮ ತತ್ಕಾಲ್ ರೈಲು ಟಿಕೆಟ್‌ನಲ್ಲಿ ಪಳಗಿದ ಬೆರಳಿಗೂ ಇಲ್ಲಿ ಸೋಲು.

ಟಿಕೆಟ್ ಸಿಗದವರಿಗಾಗಿ ಬಾಗಿಲ ಹೊರಗೆ ಬೇರೊಂದು ವ್ಯವಸ್ಥೆ ಇದೆ. ಗೈಡ್ ಜೊತೆ ಗುಂಪಿನಲ್ಲಿ ಹೋಗಬಹುದು, ಗೈಡ್‌ನ ವಿವರಣೆಗೆ ಇಷ್ಟು, ಪ್ರವೇಶ ಎಂದಿನಂತೆ ಉಚಿತ. ಇಲ್ಲವಾದರೆ ಶುಲ್ಕವಿರುವ ವಿಶೇಷ ಪ್ರದರ್ಶನದ ಟಿಕೆಟ್ ಕೊಂಡು ಒಳನುಗ್ಗಬಹುದು.

“ರೀ, ಇದು ಫ್ರೀ ಅಂದಿದ್ರಲ್ಲ?”

“ಫ್ರೀನೇ ಕಣೇ. ನೋಡೋದು ಫ್ರೀ. ಒಳಗೆ ಹೋಗೋದಕ್ಕೆ ಮಾತ್ರ ದುಡ್ಡು.”

ಮಂತ್ರಿಗಳು ಹಣ ಕೊಡಲಾರರು, ಉಚಿತವನ್ನು ಬಿಡಲಾರರು. ಎರಡು ಬೆಳಿಗ್ಗೆ ಫೋನ್ ಹಿಡಿದು ಹೋಟೆಲ್ ಕೋಣೆಯಲ್ಲಿ ಕೂತರು. ಮೂರನೆಯದು ಸೋಮವಾರ, ಸಂಗ್ರಹಾಲಯಕ್ಕೆ ರಜೆ. ಷಿಯಾನ್‌ನ ಮೊದಲರ್ಧ ಹೀಗೆ ಹೋಟೆಲಿನ ವೈ-ಫೈ ನೋಡುವುದರಲ್ಲಿ ಕಳೆಯಿತು, ಅದು ಮಾತ್ರ ನಿಜಕ್ಕೂ ಪುಕ್ಕಟೆ. ಅತ್ತ ನಗರದ ದಕ್ಷಿಣಕ್ಕೆ, ಕಿರಿಯ ಕಾಡುಬಾತು ಪಗೋಡದ ಮಗ್ಗುಲಲ್ಲಿ, ಷಿಯಾನ್ ವಸ್ತುಸಂಗ್ರಹಾಲಯ ಹೆಚ್ಚು ನೂಕುನುಗ್ಗಲಿಲ್ಲದೆ, ಅದೂ ಉಚಿತವಾಗಿ, ತಣ್ಣಗೆ ಕೂತಿರುತ್ತದೆ. ಯಾರೂ ಜಗಳವಾಡದ ಉಚಿತ ಎಂದರೆ ಮಂತ್ರಿಗಳಿಗೆ ಅದರಲ್ಲೇನೋ ದೋಷವಿರಬೇಕು ಎಂಬ ಅನುಮಾನ.

ಚಿನ್ ಷಿ ಹುವಾಂಗ್ ತನ್ನ ಗೋರಿಯ ಕಾವಲಿಗೆ ನಿಲ್ಲಿಸಿದ ಮಣ್ಣಿನ ಸೈನ್ಯಕ್ಕೆ ಮಾತ್ರ ರಿಯಾಯಿತಿ ಇಲ್ಲ. ತಲೆಗೆ 120 ಯುವಾನ್, ಅಂದರೆ 1,440 ರೂಪಾಯಿ. ಮಗ್ಗಿಯನ್ನು ಎರಡು ಸಲ ಹೇಳಿ ನೋಡಿದರೂ ಅಷ್ಟೇ ಬರುತ್ತದೆ. ನಗರದಿಂದ ಪೂರ್ವಕ್ಕೆ ಮೂವತ್ತೈದು ನಲವತ್ತು ಕಿಲೋಮೀಟರ್ ದೂರದ ಲಿಂತೊಂಗ್‌ಗೆ ಮೆಟ್ರೋ ಒಂಬತ್ತನೇ ಮಾರ್ಗದಲ್ಲಿ ಹುವಾಚಿಂಗ್ ಕೊಳದವರೆಗೆ ಹೋಗಿ ಸಿಟಿ ಬಸ್ ಹಿಡಿದರೆ ನಮ್ಮ ಒಂದು ಕಾಫಿ-ದೋಸೆಯ ದುಡ್ಡಿನಲ್ಲಿ ಮುಟ್ಟಬಹುದು. ಆದರೆ ಅಗ್ಗಕ್ಕಿಂತ ಅಗ್ಗವಾದದ್ದೊಂದು ಯಾವಾಗಲೂ ಇರುತ್ತದೆ. ರೈಲು ನಿಲ್ದಾಣದ ಬಳಿ ಸರ್ಕಾರಿ ಪ್ರವಾಸಿ ಬಸ್ಸಿನ ವೇಷ ಹಾಕಿಕೊಂಡ ಬಸ್ಸುಗಳು ಕಾಯುತ್ತಿರುತ್ತವೆ ಎಂದು ಹೋಗಿಬಂದವರೆಲ್ಲ ಎಚ್ಚರಿಸುತ್ತಾರೆ. ಅವು ಮೊದಲು ಜೇಡ್ ಕಲ್ಲಿನ ಅಂಗಡಿಗೆ ಕರೆದೊಯ್ಯುತ್ತವೆ, ಆಮೇಲೆ ಗೋರಿಯ ಒಳಗಿನ ಅರಮನೆ ಎಂದು ಸಿಮೆಂಟಿನ ಅರಮನೆ ತೋರಿಸುತ್ತವೆ. ಅಸಲಿ ಗೋರಿಯನ್ನು ಇನ್ನೂ ಯಾರೂ ಅಗೆದಿಲ್ಲ, ಅಲ್ಲಿರುವುದು ಮರ ಬೆಳೆದ ಒಂದು ಗುಡ್ಡ. ಒಳಗೆ ಪಾದರಸದ ನದಿಗಳಿವೆ ಎಂದು ಸಿಮಾ ಚಿಯೆನ್ ಬರೆದದ್ದನ್ನು ಮಣ್ಣಿನಲ್ಲಿ ಸಿಕ್ಕ ಪಾದರಸದ ಅಂಶವೂ ಅಲ್ಲಗಳೆದಿಲ್ಲ. ಚಕ್ರವರ್ತಿಯ ಅಡಗುತಾಣವನ್ನು ಸರ್ಕಾರ ತೆರೆಯದಿದ್ದರೇನು, ಬಸ್ಸಿನವನು ತೆರೆದಿದ್ದಾನೆ. ಲಿಂತೊಂಗ್‌ನಲ್ಲಿ ನಕಲಿ ಮಣ್ಣಿನ ಸೈನ್ಯವನ್ನೇ ನಿಲ್ಲಿಸಿ ಟಿಕೆಟ್ ಹರಿಯುತ್ತಿದ್ದ ಒಂದು ಜಾಗವನ್ನು 2018ರಲ್ಲಿ ಅಧಿಕಾರಿಗಳು ಒಡೆದುಹಾಕಿದರು. ಎರಡು ಸಾವಿರ ವರ್ಷದ ಹಿಂದಿನವರು ಕೈಯಾರೆ ಮಾಡಿದ್ದನ್ನು ಒಡೆದದ್ದು ದಂಗೆಕೋರರು, ಇತ್ತೀಚಿನವರು ಮಾಡಿದ್ದನ್ನು ಒಡೆದದ್ದು ಇಲಾಖೆ. ನಕಲು ಮಾಡುವವರು ಇತಿಹಾಸವನ್ನು ಇಷ್ಟು ಪೂರ್ತಿಯಾಗಿ ನಕಲು ಮಾಡುತ್ತಾರೆಂದು ಯಾರಿಗೆ ಗೊತ್ತಿತ್ತು.

ಮೊದಲನೆಯ ಗುಂಡಿಯ ಮೇಲಿನ ಸೂರು ವಿಮಾನದ ಹ್ಯಾಂಗರ್‌ನಷ್ಟು ದೊಡ್ಡದು. 230 ಮೀಟರ್ ಉದ್ದ, 62 ಮೀಟರ್ ಅಗಲದ ಹೊಂಡದಲ್ಲಿ ಸಾಲುಸಾಲು ಸೈನಿಕರು. ಮೂರು ಗುಂಡಿಗಳಲ್ಲಿ ಒಟ್ಟು ಎಂಟು ಸಾವಿರದಷ್ಟು ಇರಬಹುದೆಂದು ಅಂದಾಜು. ಇವರಿಗೆಲ್ಲ ಒಂದು ಕಾಲದಲ್ಲಿ ಕೆಂಪು, ಹಸಿರು, ನೇರಳೆ ಬಣ್ಣವಿತ್ತು. ಅಗೆದಾಗ ಒಣಗಾಳಿ ತಗುಲಿದ ಕೆಲವೇ ನಿಮಿಷಗಳಲ್ಲಿ ಸಿಪ್ಪೆ ಎದ್ದು ಉದುರಿತು. ಮಂತ್ರಿಗಳು ಇಲ್ಲಿ ಒಂದು ಕ್ಷಣ ಮಗ್ಗಿ ಮರೆತರು ಎಂಬುದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಕೇಳಿದರು: “ಇಷ್ಟಕ್ಕೆಲ್ಲ ಅವನಿಗೆ ಎಷ್ಟು ಬಿದ್ದಿರಬಹುದು?”

ಪ್ರಶ್ನೆ ಚೆನ್ನಾಗಿದೆ. ಉತ್ತರ ಪಕ್ಕದ ಹೊಲಗಳಲ್ಲೇ ಸಿಕ್ಕಿದೆ. ಗೋರಿಯ ಕೆಲಸ ಮಾಡುತ್ತಾ ಸತ್ತವರನ್ನು ಹೂತ ಜಾಗಗಳಲ್ಲಿ ಹೆಂಚಿನ ಚೂರಿನ ಮೇಲೆ ಗೀಚಿದ ಹೆಸರು, ಊರು ದೊರೆತಿವೆ. ಅವರಲ್ಲಿ ಕೆಲವರು ದಂಡ ಕಟ್ಟಲಾಗದೆ ಕೂಲಿಯಿಂದ ತೀರಿಸಲು ಬಂದವರು. ಇದರ ದರಪಟ್ಟಿ ಹುಬೇ ಪ್ರಾಂತ್ಯದ ಷುಯಿಹುದಿಯಲ್ಲಿ 1975ರಲ್ಲಿ ಸಿಕ್ಕ ಬಿದಿರಿನ ಪಟ್ಟಿಗಳಲ್ಲಿದೆ. ಸರ್ಕಾರಕ್ಕೆ ಸಾಲಗಾರನಾದವನು ಒಂದು ದಿನ ದುಡಿದರೆ ಎಂಟು ಕಾಸು ವಜಾ. ಸರ್ಕಾರದ ಊಟ ಉಂಡರೆ ಆರೇ ಕಾಸು. ಊಟಸಹಿತ, ಊಟರಹಿತ ಎಂಬ ಎರಡು ಪ್ಯಾಕೇಜುಗಳನ್ನು ಕಂಡುಹಿಡಿದವರು ಟ್ರಾವೆಲ್ ಏಜೆನ್ಸಿಗಳಲ್ಲ ಎಂದಾಯಿತು. ಸೈನಿಕರ ಮೈಮೇಲೆ ಮೇಸ್ತ್ರಿಗಳ ಹೆಸರಿನ ಮುದ್ರೆಯೂ ಇದೆ. ಅದು ಕಲಾವಿದನ ಸಹಿ ಅಲ್ಲ, ಬಿರುಕು ಬಿಟ್ಟರೆ ಯಾರನ್ನು ಹಿಡಿಯಬೇಕು ಎಂಬುದಕ್ಕೆ ಗುರುತು. ಹಾಗಾಗಿ ಚಕ್ರವರ್ತಿಗೆ ಬಿದ್ದ ಖರ್ಚು ಎಷ್ಟೆಂದರೆ, ಏನೂ ಇಲ್ಲ. ಕಡಿಮೆ ಖರ್ಚಿನ ಪ್ರವಾಸಿಗರು ಅವನನ್ನು ದುಂದುಗಾರ ಎನ್ನುವುದು ಅನ್ಯಾಯ. ತನ್ನ ಜೇಬಿನಿಂದ ಬಿಡಿಗಾಸು ಬಿಚ್ಚದೆ ಪರಲೋಕದ ಪ್ರಯಾಣಕ್ಕೆ ಎಂಟು ಸಾವಿರ ಅಂಗರಕ್ಷಕರನ್ನು ಹೊಂದಿಸಿಕೊಂಡ ಮನುಷ್ಯನ ಎದುರು ನಮ್ಮ ಮಂತ್ರಿಗಳು ಬರೀ ಶಿಶು.

ಚಕ್ರವರ್ತಿ ಸತ್ತದ್ದು ಕ್ರಿ.ಪೂ. 210ರಲ್ಲಿ. ನಾಲ್ಕೇ ವರ್ಷದಲ್ಲಿ ವಂಶ ಮುಳುಗಿತು. ಸೈನ್ಯವನ್ನು ಪತ್ತೆಹಚ್ಚಿದ್ದು 1974ರ ಮಾರ್ಚ್‌ನಲ್ಲಿ, ಬರ ಬಂದು ಬಾವಿ ತೋಡಲು ಹೊರಟ ರೈತರು. ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಆಡಿಕೊಳ್ಳುವ ನಾವು ಇಲ್ಲಿ ಬಾಯಿ ಮುಚ್ಚಬೇಕು. ನೀರು ಬರಲಿಲ್ಲ, ತಲೆ ಬಂತು. ಚೂರುಗಳನ್ನು ತಂದುಕೊಟ್ಟ ರೈತರಿಗೆಲ್ಲ ಸೇರಿ ಪುರಾತತ್ವ ಅಧಿಕಾರಿ ಕೊಟ್ಟದ್ದು ಮೂವತ್ತು ಯುವಾನ್ ಎಂದು ಹೇಳುತ್ತಾರೆ. ಆಗ ಅದು ಅವರಿಗೆ ದೊಡ್ಡ ಮೊತ್ತವೇ ಆಗಿತ್ತಂತೆ. ಇಂದಿನ ಟಿಕೆಟ್ಟಿನ ನಾಲ್ಕನೇ ಒಂದು ಭಾಗ. ಮುಂದೆ ಅವರಲ್ಲಿ ಕೆಲವರು ಅದೇ ಆವರಣದ ಅಂಗಡಿಯಲ್ಲಿ ಕೂತು, ಪುಸ್ತಕ ಕೊಂಡ ಪ್ರವಾಸಿಗರಿಗೆ ಸಹಿ ಹಾಕಿ ಕೊಡುತ್ತಿದ್ದರು. ಮಂತ್ರಿಗಳಿಗೆ ಸಹಿ ಬೇಕಿತ್ತು, ಪುಸ್ತಕ ಬೇಕಿರಲಿಲ್ಲ.

ಹೊರಬರುವ ದಾರಿಯನ್ನು ಬಂದ ದಾರಿಗೆ ಜೋಡಿಸಿಲ್ಲ. ಉದ್ದದ ಅಂಗಡಿ ಬೀದಿಯೊಂದನ್ನು ದಾಟಿಯೇ ಬಸ್ಸಿನ ಬಳಿ ಬರಬೇಕು. ಗುಂಡಿಯಲ್ಲಿ ಕಂಡ ಸೈನಿಕರೆಲ್ಲ ಇಲ್ಲಿ ಗೇಣುದ್ದ ಆಗಿ ಪೆಟ್ಟಿಗೆಯಲ್ಲಿ ಸಿಗುತ್ತಾರೆ. ಮಾರುವವಳು ಹೇಳಿದ್ದು ನೂರು. ಮಂತ್ರಿಗಳು ಚಿಕ್ಕಪೇಟೆಯ ಅನುಭವವನ್ನೆಲ್ಲ ಧಾರೆ ಎರೆದು ಮೂವತ್ತಕ್ಕೆ ಇಳಿಸಿ ಗೆದ್ದರು. ಹತ್ತು ಹೆಜ್ಜೆ ಮುಂದೆ ಅದೇ ಪೆಟ್ಟಿಗೆಗೆ ಹತ್ತು ಎಂದು ಕೂಗುತ್ತಿದ್ದರು. ಆ ದಿನದ ಉಳಿದ ಭಾಗದ ಬಗ್ಗೆ ವಿರೋಧ ಪಕ್ಷ ಯಾವ ಹೇಳಿಕೆಯನ್ನೂ ನೀಡಲಿಲ್ಲ, ಸುಮ್ಮನೆ ನಗುತ್ತಿತ್ತು.

ಬರುವ ದಾರಿಯಲ್ಲೇ ಹುವಾಚಿಂಗ್ ಅರಮನೆ. 1936ರ ಡಿಸೆಂಬರ್ 12ರ ಬೆಳಗಿನ ಜಾವ ಆಗ ಚೀನಾವನ್ನು ಆಳುತ್ತಿದ್ದ ಚಿಯಾಂಗ್ ಕೈ ಶೇಕ್ ಸ್ವಂತ ಸೇನಾಪತಿಗಳಿಗೆ ಹೆದರಿ, ಹಲ್ಲುಸೆಟ್ಟನ್ನೂ ಬಿಟ್ಟು, ಕಿಟಕಿಯಿಂದ ಹಾರಿ ಬೆಟ್ಟ ಹತ್ತಿದ್ದು ಇಲ್ಲಿಂದಲೇ. ಇದಕ್ಕೂ 120 ಯುವಾನ್. ಮಂತ್ರಿಗಳು ಗೇಟಿನ ಫೋಟೋ ತೆಗೆದುಕೊಂಡರು.

ಹಿರಿಯ ಕಾಡುಬಾತು ಪಗೋಡದ ಹತ್ತಿರ ಬಂದಾಗ ಮಾತ್ರ ನಮ್ಮವರಿಗೆ ಸ್ವಲ್ಪ ಎದೆಯುಬ್ಬುತ್ತದೆ. ಎದುರಿಗೆ ಹ್ಯೂಯೆನ್‌ತ್ಸಾಂಗ್‌ನ ದೊಡ್ಡ ಕಂಚಿನ ಪ್ರತಿಮೆ. ನಮ್ಮ ಶಾಲೆಯ ಪುಸ್ತಕದಲ್ಲಿ ಇಮ್ಮಡಿ ಪುಲಿಕೇಶಿಯ ಪಾಠದಲ್ಲಿ ಬರುವ ಅದೇ ಯಾತ್ರಿಕ. ಪುಲಿಕೇಶಿಯ ನಾಡಿನ ಜನ ಉಪಕಾರ ಮರೆಯರು, ಅವಮಾನ ಸಹಿಸರು ಎಂದೂ, ಸೋತು ಬಂದ ಸೇನಾನಿಗೆ ಶಿಕ್ಷೆ ಕೊಡದೆ ಹೆಂಗಸಿನ ಬಟ್ಟೆ ಕೊಡುತ್ತಾರೆ ಎಂದೂ, ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸುತ್ತಾರೆ ಎಂದೂ ಬರೆದಿಟ್ಟವನು. ಹರ್ಷನಿಗೂ ಪುಲಿಕೇಶಿ ಬಗ್ಗಲಿಲ್ಲ ಎಂದು ಹರ್ಷನ ಆತಿಥ್ಯ ಉಂಡವನೇ ಬರೆದದ್ದು ನಮಗೆ ಇನ್ನೂ ಸಿಹಿ.

ಕಡಿಮೆ ಖರ್ಚಿನ ಯಾತ್ರಿಕರು ಹ್ಯೂಯೆನ್‌ತ್ಸಾಂಗ್‌ನನ್ನು ತಮ್ಮ ಕುಲಗುರು ಎಂದು ತಿಳಿದಿದ್ದಾರೆ. ಒಂದು ಬಿದಿರಿನ ಚೀಲ, ಒಂದು ಜೊತೆ ಚಪ್ಪಲಿ, ಹದಿನಾರು ವರ್ಷ. ಚಿತ್ರಪಟದಲ್ಲಿ ಹಾಗೆಯೇ ಇದ್ದಾನೆ. ಅವನ ಶಿಷ್ಯ ಬರೆದ ಜೀವನಚರಿತ್ರೆಯಲ್ಲಿ ಬೇರೆ ಲೆಕ್ಕವಿದೆ. ಚೀನಾದ ಗಡಿಯನ್ನು ಅಪ್ಪಣೆಯಿಲ್ಲದೆ ಕದ್ದು ದಾಟಿದ ಈತನಿಗೆ ತುರ್ಫಾನ್ ಬಳಿಯ ಗಾವೊಚಾಂಗ್‌ನ ರಾಜ ಕೊಟ್ಟದ್ದು ಚಿನ್ನ, ಮೂವತ್ತು ಸಾವಿರ ಬೆಳ್ಳಿ ನಾಣ್ಯ, ಐನೂರು ಥಾನು ರೇಷ್ಮೆ, ಮೂವತ್ತು ಕುದುರೆ, ಇಪ್ಪತ್ತೈದು ಆಳು, ದಾರಿಯ ರಾಜರಿಗೆಲ್ಲ ಇಪ್ಪತ್ನಾಲ್ಕು ಪರಿಚಯ ಪತ್ರ. ಇಪ್ಪತ್ತು ವರ್ಷದ ಖರ್ಚಿಗೆ ಸಾಕಾಗುವಷ್ಟು. ಪ್ರಾಯೋಜಕರಿದ್ದರೆ ಅಪರಿಗ್ರಹ ಎಷ್ಟು ಸುಲಭ. ಇಂದು ದಾರಿಬದಿ ಕೈಯೆತ್ತಿ ಲಾರಿ ಹತ್ತಿ ದೇಶ ಸುತ್ತಿದೆ ಎನ್ನುವ, ಕ್ಯಾಮೆರಾ ಹಿಂದೆ ಕಂಪನಿಯೊಂದು ನಿಂತಿರುವ ಯುವಕರು ಬೇಕಾದರೆ ಅವನ ನಿಜವಾದ ಶಿಷ್ಯರು.

645ರಲ್ಲಿ ಅವನು ಮರಳಿ ಬಂದಾಗ ತಂದದ್ದು 657 ಗ್ರಂಥ. ಅವನ್ನು ಬೆಂಕಿಯಿಂದ ಕಾಯಲು 652ರಲ್ಲಿ ಪಗೋಡ ಕಟ್ಟಬೇಕೆಂದಾಗ ಷಿಯಾನ್‌ನ ಚರಿತ್ರೆಯಲ್ಲೇ ಅಪರೂಪದ ಘಟನೆ ನಡೆಯಿತು: ಅರಸನೊಬ್ಬ ಬಜೆಟ್ ಹಾಕಿದ. ಚೀನೀ ಅಳತೆಯಲ್ಲಿ ಮೂವತ್ತು ಝಾಂಗ್ ಎತ್ತರದ ಕಲ್ಲಿನ ಗೋಪುರ ಬೇಕು ಎಂದು ಭಿಕ್ಷು ಕೇಳಿದ್ದ. ಚಕ್ರವರ್ತಿ ಗಾವೊಜೊಂಗ್ ಅಷ್ಟು ದೊಡ್ಡದು ಬೇಗ ಮುಗಿಯುವಂಥದಲ್ಲ, ಇಟ್ಟಿಗೆಯಲ್ಲಿ ಕಟ್ಟಿ ಎಂದ. ಎತ್ತರ ಹದಿನೆಂಟು ಝಾಂಗ್‌ಗೆ ಇಳಿಯಿತು. ಹಣಕ್ಕೆ ಅವನು ತೋರಿಸಿದ ಮೂಲ ಇನ್ನೂ ಚೆಂದ: ಅರಮನೆಯ ಏಳು ಅಂತಃಪುರಗಳಲ್ಲಿ ಸತ್ತುಹೋದವರ ಬಟ್ಟೆಬರೆ ಮತ್ತು ಸಾಮಾನು. ನಮ್ಮ ಯಾವ ಹಣಕಾಸು ಇಲಾಖೆಗೂ ಇದು ಹೊಳೆದಿಲ್ಲವಲ್ಲ ಎಂದು ಸಂತೋಷಪಡೋಣ. ಹೊರಗೆ ಇಟ್ಟಿಗೆ, ಒಳಗೆ ಮಣ್ಣು ತುಂಬಿ ಗೋಪುರ ಎದ್ದಿತು. ಐವತ್ತು ವರ್ಷ ಆಗುವಷ್ಟರಲ್ಲಿ ಒಳಗಿನ ಮಣ್ಣಿನಿಂದ ಹುಲ್ಲು ಗಿಡ ಎದ್ದು ಇಟ್ಟಿಗೆ ಸಡಿಲಾಗಿ ಕುಸಿಯಿತು. 701ರಿಂದ 704ರ ನಡುವೆ ವೂ ಝೆತಿಯೆನ್ ಸಾಮ್ರಾಜ್ಞಿ ಪೂರ್ತಿ ಹೊಸದಾಗಿ ಕಟ್ಟಿಸಬೇಕಾಯಿತು. ಈಗ ನಿಂತಿರುವ 64 ಮೀಟರ್ ಎತ್ತರದ ಗೋಪುರದ ಬುನಾದಿ ಅವಳ ಖರ್ಚಿನದು. ಅದೂ ನೆಟ್ಟಗೆ ನಿಂತಿಲ್ಲ. ಸುತ್ತಲಿನವರು ಅಂತರ್ಜಲ ಪುಕ್ಕಟೆ ಎಂದು ಎತ್ತಿ ಎತ್ತಿ 1996ರ ಹೊತ್ತಿಗೆ ಗೋಪುರ ಒಂದು ಮೀಟರ್ ವಾಲಿತ್ತು.

ಮಂತ್ರಿಗಳು ಕೆಳಗಿನ ಮಂದಿರಕ್ಕೊಂದು ಟಿಕೆಟ್, ಮೇಲೆ ಹತ್ತಲು ಇನ್ನೊಂದು ಟಿಕೆಟ್ ಎಂಬ ಫಲಕ ಓದಿ ವಾಲಿದ್ದೂ ಸುಮಾರು ಅಷ್ಟೇ.

ಕತ್ತಲಾದ ಮೇಲೆ ಪಗೋಡದ ದಕ್ಷಿಣದ ಬೀದಿಗೆ ದುಡ್ಡಿಲ್ಲ. ರಾತ್ರಿಯೇ ಆಗದ ತಾಂಗ್ ನಗರಿ ಎಂದು ಅದಕ್ಕೆ ಹೆಸರು. ದೀಪ, ಸಂಗೀತ, ಕಾರಂಜಿ. ರೇಷ್ಮೆಯ ಉದ್ದ ಅಂಗಿ ತೊಟ್ಟು, ಜಡೆಗೆ ಚಿನ್ನದ ಬಣ್ಣದ ಮುಳ್ಳು ಸಿಕ್ಕಿಸಿಕೊಂಡ ನೂರಾರು ಹುಡುಗಿಯರು. ಬಟ್ಟೆಗೆ ಒಂದು ಬಾಡಿಗೆ, ಮುಖಾಲಂಕಾರಕ್ಕೆ ಇನ್ನೊಂದು, ಕೂದಲಿಗೆ ಮತ್ತೊಂದು, ಬೆಳಕು ಹಿಡಿಯುವವನ ಸಮೇತ ಬರುವ ಫೋಟೋಗಾರನಿಗೆ ಬೇರೆ. ಬೀದಿ ಉಚಿತ, ಅದರಲ್ಲಿ ನಿಲ್ಲಲು ಯೋಗ್ಯವಾಗುವುದು ಮಾತ್ರ ದುಬಾರಿ. ನಿಜವಾದ ತಾಂಗ್ ಕಾಲದಲ್ಲಿ ಈ ಊರಿನ ಬಡಾವಣೆಗಳಿಗೆ ಗೋಡೆ ಇತ್ತು. ಮುಸ್ಸಂಜೆ ನಗಾರಿ ಬಡಿದರೆ ಬಾಗಿಲು ಹಾಕಬೇಕು. ಆಮೇಲೆ ಬೀದಿಯಲ್ಲಿ ಸಿಕ್ಕಿದವರಿಗೆ ಬೆತ್ತದ ಏಟು. ದೀಪೋತ್ಸವದ ಮೂರು ರಾತ್ರಿ ಮಾತ್ರ ವಿನಾಯಿತಿ. ಅಂದಿನ ಕಾವಲುಗಾರನೊಬ್ಬ ಎದ್ದು ಬಂದರೆ ಈ ಬೀದಿಯಲ್ಲಿ ಬೆತ್ತಕ್ಕೆ ಬರಗಾಲ ಬರುತ್ತದೆ. ರಾತ್ರಿಯನ್ನು ನಿಷೇಧಿಸಿದ ಕಾಲವನ್ನೇ ರಾತ್ರಿಯ ಮಾರಾಟಕ್ಕೆ ಇಟ್ಟಿರುವ ಈ ವ್ಯಾಪಾರಬುದ್ಧಿಯ ಎದುರು ಸುಳ್ಳು ಬಸ್ಸಿನವನನ್ನು ಮಾತ್ರ ಬೈಯುವುದು ಸಣ್ಣತನ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಸ್ಯಾಹಾರಿಗಳು ಲಿಯಾಂಗ್‌ಪಿ ಎಂಬ ತಣ್ಣಗಿನ, ಹುಳಿ-ಖಾರದ ಅಗಲ ಶಾವಿಗೆ ತಿಂದು, ಬಿಂಗ್‌ಫಂಗ್ ಎಂಬ ಕಿತ್ತಳೆ ಸೋಡಾ ಕುಡಿದು ಕಡಿಮೆ ಖರ್ಚಿನಲ್ಲಿ ಬದುಕಬಹುದು. ಲಿಂತೊಂಗ್‌ನ ಪರ್ಸಿಮನ್ ಹಣ್ಣಿನ ಕರಿದ ಸಿಹಿಯಂತೂ ನಮ್ಮ ಕಜ್ಜಾಯದ ದೂರದ ನೆಂಟ. ಮಾಂಸ ತಿನ್ನುವವರಿಗೆ ಮುಸ್ಲಿಂ ಮೊಹಲ್ಲಾದಲ್ಲಿ ಯಾಂಗ್‌ರೋ ಪಾವ್‌ಮೋ ಇದೆ. ಇದರಲ್ಲಿ ಗಟ್ಟಿ ರೊಟ್ಟಿಯನ್ನು ಗಿರಾಕಿಯೇ ಕಾಳಿನಷ್ಟು ಸಣ್ಣಗೆ ಚಿವುಟಿ ಬಟ್ಟಲಿಗೆ ಹಾಕಿ ಕೊಡಬೇಕು, ಅಡುಗೆಯವನು ಅದಕ್ಕೆ ಕುರಿಯ ಸಾರು ಎರೆಯುತ್ತಾನೆ. ಚೂರು ದೊಡ್ಡದಾದರೆ ಅವನ ಮುಖ ಗಂಟಿಕ್ಕುತ್ತದೆ. ಅರ್ಧ ಗಂಟೆ ಬೆರಳು ನೋಯಿಸಿಕೊಂಡ ಮಂತ್ರಿಗಳು “ಅರ್ಧ ಕೆಲಸ ನಾನೇ ಮಾಡಿದ್ದೀನಲ್ಲ, ಬಿಲ್ಲು ಪೂರ್ತಿ ಯಾಕೆ?” ಎಂದು ಭಾಷಾಂತರದ ಆ್ಯಪಿನಲ್ಲಿ ಕೇಳಿದರು. ಆ್ಯಪ್ ಏನೆಂದು ಭಾಷಾಂತರಿಸಿತೋ, ಅವನು ಇನ್ನೊಂದು ರೊಟ್ಟಿ ತಂದಿಟ್ಟ.

ಕೋಟೆಗೋಡೆಗೆ 54 ಯುವಾನ್. ನನ್ನ ಮಟ್ಟಿಗೆ ಈ ಊರಿನಲ್ಲಿ ಕೊಟ್ಟ ಕಾಸಿಗೆ ತಕ್ಕ ಕಜ್ಜಾಯ ಸಿಗುವುದು ಇಲ್ಲಿಯೇ. ಮೇಲೆ ಸೈಕಲ್ ಬಾಡಿಗೆಗೆ ಹಿಡಿದು ಪೂರ್ತಿ ಒಂದು ಸುತ್ತು ಹಾಕಬಹುದು. ಒಳಗೆ 1384ರ ಗಂಟೆ ಗೋಪುರ, 1380ರ ನಗಾರಿ ಗೋಪುರ, ಹೊರಗೆ ಮುಗಿಯದ ಬಹುಮಹಡಿಗಳು. 1950ರ ದಶಕದ ಕೊನೆಗೆ ಇದನ್ನೂ ಕೆಡವುವ ತೀರ್ಮಾನವಾಗಿತ್ತು. ಹಳೆಯ ಗೋಡೆ ಕಾಯುವುದು ದಂಡ, ಕೆಡವಿದರೆ ದಾರಿ ಅಗಲ, ಇಟ್ಟಿಗೆ ಲಾಭ. ಬೀಜಿಂಗ್ ತನ್ನ ಗೋಡೆಗೆ ಮಾಡಿದ್ದು ಹಾಗೆಯೇ. ಷಿಯಾನ್‌ನದ್ದು ಉಳಿದದ್ದು ಆಗ ಕೇಂದ್ರ ಸರ್ಕಾರದಲ್ಲಿದ್ದ, ಇದೇ ಪ್ರಾಂತ್ಯದ ಷಿ ಝೊಂಗ್‌ಷುನ್ ಅಡ್ಡ ಬಂದದ್ದರಿಂದ. ಇಂದಿನ ಅಧ್ಯಕ್ಷರ ತಂದೆ. ಮಂತ್ರಿಗಳು ಮೇಲೆ ಹತ್ತಲಿಲ್ಲ. ಕೆಳಗಿನ ಕಂದಕದ ಉದ್ಯಾನದಲ್ಲಿ, ನಿವೃತ್ತ ಮುದುಕರು ಚಿನ್‌ಚಿಯಾಂಗ್ ಎಂಬ ಬಯಲಾಟದ ಪದಗಳನ್ನು ಗಂಟಲು ಹರಿಯುವಂತೆ ಹಾಡುವ ಜಾಗದಲ್ಲಿ ನಿಂತು, ಹನ್ನೆರಡು ಮೀಟರ್ ಎತ್ತರದ ಗೋಡೆಯನ್ನು ಪುಕ್ಕಟೆ ನೋಡಿದರು. ಗೋಡೆ ಕೆಳಗಿನಿಂದಲೂ ಗೋಡೆಯಂತೆಯೇ ಕಾಣುತ್ತದೆ ಎಂದು ವರದಿ ಬರೆದರು. ಶ್ರೀಮತಿ ಮೇಲೆ ಹತ್ತಿ ಸೈಕಲ್ ಹೊಡೆದು ಬಂದರು. ಅದು ‘ವಿರೋಧ ಪಕ್ಷದ ಅಧ್ಯಯನ ಪ್ರವಾಸ’ ಎಂಬ ತಲೆಬರಹದಲ್ಲಿ ಖರ್ಚಿಗೆ ಬಿತ್ತು.

ಉಳಿದದ್ದು ಹುವಾ ಷಾನ್. ವೇಗದ ರೈಲಿನಲ್ಲಿ ಅರ್ಧ ಗಂಟೆ ದೂರ, 2,154 ಮೀಟರ್ ಎತ್ತರದ ಬೋಳು ಕಲ್ಲಿನ ಬೆಟ್ಟ. ಚಳಿಗಾಲದಲ್ಲಿ ಪ್ರವೇಶ 100 ಯುವಾನ್. ಮಂತ್ರಿಗಳು ಇಲ್ಲಿ ತಮ್ಮ ಜೀವಮಾನದ ಯೋಜನೆಯನ್ನು ಮುಂದಿಟ್ಟರು. ಚೀನಾದ ಕಾಲೇಜು ಹುಡುಗರು ಮಾಡುವ ಹಾಗೆ ರಾತ್ರಿ ಹತ್ತುವುದು. ಹೋಟೆಲ್ ಉಳಿಯಿತು, ರೋಪ್‌ವೇ ಉಳಿಯಿತು, ಬೆಳಗ್ಗೆ ಪೂರ್ವ ಶಿಖರದಲ್ಲಿ ಸೂರ್ಯೋದಯ. ಹುಡುಗರಿಗೆ ಇಪ್ಪತ್ತು ವರ್ಷ, ಮಂತ್ರಿಗಳಿಗೆ ಐವತ್ತಾರು ಎಂಬ ಸಂಗತಿಯನ್ನು ಹಾಳೆಯಲ್ಲಿ ಎಲ್ಲಿ ಬರೆಯಬೇಕೋ ತಿಳಿಯದೆ ಬಿಡಲಾಯಿತು.

ಟಾರ್ಚು ಹಿಡಿದು, ಸರಪಳಿ ಹಿಡಿದು, ಏಣಿಯಂತೆ ನಿಂತ ಮೆಟ್ಟಿಲುಗಳ ಮೇಲೆ ಅಂಬೆಗಾಲಿಟ್ಟು ಹತ್ತಿದರು. ಎತ್ತರ ಏರಿದಂತೆ ನೀರಿನ ಬಾಟಲಿಯ ಬೆಲೆಯೂ ಏರುತ್ತದೆ. ಅರ್ಧ ದಾರಿಯಲ್ಲಿ ಮಂತ್ರಿಗಳು ಇದು ಹಗಲುದರೋಡೆ ಎಂದು ಅಂಗಡಿಯವನೊಡನೆ ನಡುರಾತ್ರಿ ವಾದಕ್ಕಿಳಿದರು. ಅಷ್ಟರಲ್ಲಿ ಬಿದಿರಿನ ಅಡ್ಡೆಯ ಎರಡೂ ತುದಿಗೆ ಬಾಟಲಿಯ ಕಟ್ಟು ನೇತುಹಾಕಿಕೊಂಡ ಹಮಾಲಿಯೊಬ್ಬ ಕೆಳಗಿನಿಂದ ಹತ್ತಿ ಬಂದು, ಅಡ್ಡೆ ಇಳಿಸಿ, ಇವರು ಮಾತು ಮುಗಿಸಲಿ ಎಂದು ಕಾದು ನಿಂತ. ದಾರಿ ಅಷ್ಟು ಇಕ್ಕಟ್ಟು. ಶ್ರೀಮತಿ ಎರಡು ಬಾಟಲಿ ಕೊಂಡು ಮುಂದೆ ನಡೆದರು.

ಶಿಖರದ ಮೇಲೆ ಚಳಿ. ಬಂಡವಾಳ ವೆಚ್ಚದ ಕೋಟುಗಳನ್ನು ಭಾರವೆಂದು ಹೋಟೆಲಿನಲ್ಲಿ ಬಿಟ್ಟು ಬಂದಿದ್ದರಿಂದ ಹಸಿರು ಮಿಲಿಟರಿ ಕೋಟುಗಳನ್ನು ಬಾಡಿಗೆಗೆ ಪಡೆಯಬೇಕಾಯಿತು. ಅದರಲ್ಲಿ ಹಿಂದಿನ ಬಾಡಿಗೆದಾರರೆಲ್ಲರ ವಾಸನೆ ಉಚಿತ. ಮೋಡ ಇದ್ದುದರಿಂದ ಸೂರ್ಯ ತಡವಾಗಿ, ಮುಖ ತೋರಿಸದೆ, ಬೆಳಕು ಮಾತ್ರ ಕಳಿಸಿದ. ಇಳಿಯುವ ಹೊತ್ತಿಗೆ ಬಜೆಟ್ ಮಂಡಿಸಿದವರಿಗೆ ಮಂಡಿ ಮಡಚಲು ಆಗುತ್ತಿರಲಿಲ್ಲ. ಪಶ್ಚಿಮ ಶಿಖರದ ರೋಪ್‌ವೇ ತಲೆಗೆ 120 ಯುವಾನ್, ಕೆಳಗಿನ ಬಸ್ಸಿಗೆ 40. ಉತ್ತರ ಶಿಖರದಿಂದಾದರೆ 45 ಮತ್ತು 20, ಆದರೆ ಅಲ್ಲಿಗೆ ಮುಟ್ಟಲು ಮೆಟ್ಟಿಲು ಇಳಿಯಬೇಕು. ಮಂತ್ರಿಗಳು ಪಶ್ಚಿಮದ ಕೌಂಟರಿನ ಮುಂದೆ ಕಂಬಕ್ಕೆ ಒರಗಿ ನಿಂತು, ಫೋನ್ ತೆಗೆದು, ತುಟಿ ಅಲ್ಲಾಡಿಸಿದರು. ಹಿಂದೆ ಉದ್ದದ ಸಾಲು.

“ಇಬ್ಬರದೂ ಒಟ್ಟಿಗೆ ಕೊಟ್ರೆ ಇನ್ನೂರು ದಾಟುತ್ತೆ ಕಣೇ. ಶೇಕಡಾ ಮೂರು ಹೋಗುತ್ತೆ. ನೀನು ಸ್ವಲ್ಪ ಈ ಕಡೆ ನಿಂತ್ಕೋ, ಬೇರೆ ಬೇರೆ ಮಾಡೋಣ.”